ಭೂತಗನ್ನಡಿಯ ಬೆಂಕಿ: ಓದುಗರ ಪ್ರಶ್ನೆಗಳು, ಉತ್ತರಗಳು

ಬಿಸಿಲಿಗೆ ಭೂತಗನ್ನಡಿ ಹಿಡಿದು ಕಾಗದ ಸುಡುವ ಆಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ ಎರಡು ಭೂತಗನ್ನಡಿಗಳಿವೆ. ಒಂದು ಅಂಗೈ ಅಗಲದ್ದು. ಅಕ್ಷರಗಳನ್ನು ಎರಡು ಪಟ್ಟಿಗಿಂತ ತುಸು ಹೆಚ್ಚು ದೊಡ್ಡದಾಗಿ ತೋರಿಸುತ್ತದೆ. ಇನ್ನೊಂದು ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಶಕ್ತಿ ಹೆಚ್ಚಿರುವ ಎರಡನೆಯದೇ ಬೇಗ ಬೆಂಕಿ ಹೊತ್ತಿಸಬೇಕಲ್ಲವೇ? ಆದರೆ ದೊಡ್ಡದರಿಂದ ಕೆಲವೇ ಸೆಕೆಂಡುಗಳಲ್ಲಿ ಹೊಗೆ ಬಂತು, ಚಿಕ್ಕದರಿಂದ ಸೂಜಿಯ ಮೊನೆಯಷ್ಟು ತೂತು ಬಿದ್ದದ್ದೇ ಬಂತು. ಇದೇಕೆ? (ಹತ್ತನೆಯ ತರಗತಿಯ ವಿದ್ಯಾರ್ಥಿನಿ)

ಉತ್ತರ: ಈ ಬಾರಿಯ ಪತ್ರಗಳಲ್ಲಿ ಅತ್ಯುತ್ತಮ ಪ್ರಶ್ನೆ ಇದು. ಪ್ರಯೋಗ ಮಾಡಿ, ಫಲ ನಿರೀಕ್ಷೆಗೆ ವಿರುದ್ಧವಾಗಿ ಬಂದಾಗ ಅದನ್ನು ಮುಚ್ಚಿಡದೆ ಬರೆದಿದ್ದೀರಿ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಪೀನ ಮಸೂರವು, ಅಂದರೆ ನಡುವೆ ಉಬ್ಬಿದ ಗಾಜು, ಸೂರ್ಯನ ಕಿರಣಗಳನ್ನು ‘ಒಂದು ಬಿಂದುವಿನಲ್ಲಿ’ ಕೂಡಿಸುತ್ತದೆ ಎಂದು ಪಠ್ಯಪುಸ್ತಕದ ಚಿತ್ರ ತೋರಿಸುತ್ತದೆ. ಸೂರ್ಯನೂ ಬರೀ ಬಿಂದುವಾಗಿದ್ದರೆ ಅದು ನಿಜವಾಗುತ್ತಿತ್ತು. ಆದರೆ ನಮ್ಮ ಕಣ್ಣಿಗೆ ಸೂರ್ಯ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಅವನ ವ್ಯಾಸಕ್ಕೆ ಹೋಲಿಸಿದರೆ ಅವನು ನಮ್ಮಿಂದ ಇರುವ ದೂರ ಸುಮಾರು 107 ಪಟ್ಟು. ಹೀಗಾಗಿ ಕಾಗದದ ಮೇಲೆ ನೀವು ಕಾಣುವ ಆ ಉರಿಯುವ ಚುಕ್ಕೆ ಬಿಂದುವಲ್ಲ, ಸೂರ್ಯನ ಪುಟ್ಟ ಪ್ರತಿಬಿಂಬ. ಅದರ ಅಗಲ ತಿಳಿಯಲು ಮಸೂರದ ಸಂಗಮ ದೂರವನ್ನು (ಮಸೂರದಿಂದ ಚುಕ್ಕೆ ಅತಿ ಚಿಕ್ಕದಾಗಿ ಮೂಡುವ ಜಾಗದವರೆಗಿನ ದೂರ) 107ರಿಂದ ಭಾಗಿಸಿದರೆ ಸಾಕು. ಈ ಒಂದು ಮಾತು ಕೈಯಲ್ಲಿದ್ದರೆ ಇಂದಿನ ಅಂಕಣದ ಬಹುಪಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಿಮ್ಮ ದೊಡ್ಡ ಮಸೂರದ ವ್ಯಾಸ 7.5 ಸೆಂಟಿಮೀಟರ್, ಸಂಗಮ ದೂರ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಪ್ರತಿಬಿಂಬದ ಅಗಲ ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಮೋಡವಿಲ್ಲದ ನಡುಹಗಲಿನಲ್ಲಿ ಬಿಸಿಲಿಗೆ ಎದುರಾಗಿ ಹಿಡಿದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಶಕ್ತಿ ಬೀಳುತ್ತದೆ. ನಿಮ್ಮ ಮಸೂರದ ವಿಸ್ತೀರ್ಣ ಸುಮಾರು 44 ಚದರ ಸೆಂಟಿಮೀಟರ್. ಗಾಜಿನ ಎರಡು ಮೈಗಳಿಂದ ಪ್ರತಿಫಲಿಸಿ ಹೋಗುವುದನ್ನು ಕಳೆದರೆ ಕಾಗದಕ್ಕೆ ಮುಟ್ಟುವುದು ನಾಲ್ಕು ವಾಟ್ ಮಾತ್ರ. ರಾತ್ರಿ ಉರಿಸುವ ಪುಟ್ಟ ಬಲ್ಬಿಗೂ ಅಷ್ಟು ಬೇಕು! ಆದರೆ ಆ ನಾಲ್ಕು ವಾಟ್ ಮೂರು ಚದರ ಮಿಲಿಮೀಟರಿಗಿಂತ ಕಡಿಮೆ ಜಾಗದಲ್ಲಿ ಕಿಕ್ಕಿರಿಯುತ್ತದೆ. ಲೆಕ್ಕದ ಪ್ರಕಾರ ಅಲ್ಲಿನ ಬಿಸಿಲು ಸಾಮಾನ್ಯ ಬಿಸಿಲಿನ ಸುಮಾರು 1500 ಪಟ್ಟು. ಸಾಧಾರಣ ಗಾಜಿನ ಅಂಚಿನಿಂದ ಬರುವ ಕಿರಣಗಳು ನಡುವಿನವುಗಳ ಜೊತೆ ಸರಿಯಾಗಿ ಕೂಡುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇದು ಗಣನೀಯವಾಗಿ ಕಡಿಮೆಯಾಗುತ್ತದೆ. ಆದರೂ ಕಾಗದಕ್ಕೆ ಅಷ್ಟು ಧಾರಾಳವಾಗಿ ಸಾಕು. ಗಮನಿಸಿ, ಮಸೂರ ಒಂದು ಹನಿ ಶಕ್ತಿಯನ್ನೂ ಹೊಸದಾಗಿ ಹುಟ್ಟಿಸಲಿಲ್ಲ. ಹರಡಿ ಬೀಳುತ್ತಿದ್ದುದನ್ನು ಒಟ್ಟುಮಾಡಿತು, ಅಷ್ಟೆ. ಬೆಂಕಿ ಹೊತ್ತುವಾಗ ಮಸೂರದ ನೆರಳನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಗಾಜು ಪಾರದರ್ಶಕವಾಗಿದ್ದರೂ ಚುಕ್ಕೆಯ ಸುತ್ತ ದುಂಡನೆಯ ನೆರಳು ಬಿದ್ದಿರುತ್ತದೆ. ಆ ವೃತ್ತಕ್ಕೆ ಬೀಳಬೇಕಾಗಿದ್ದ ಬಿಸಿಲೆಲ್ಲ ಚುಕ್ಕೆಗೆ ಹೋಗಿದೆ.

ಈಗ ಚಿಕ್ಕ ಮಸೂರಕ್ಕೆ ಬನ್ನಿ. ಹತ್ತು ಪಟ್ಟಿನ ಮಸೂರದ ಸಂಗಮ ದೂರ ಎರಡೂವರೆ ಸೆಂಟಿಮೀಟರ್. ಪ್ರತಿಬಿಂಬದ ಅಗಲ ಕಾಲು ಮಿಲಿಮೀಟರ್. ಗಾಜಿನ ವ್ಯಾಸ 18 ಮಿಲಿಮೀಟರ್ ಇದ್ದರೆ ಅದು ಹಿಡಿಯುವ ಶಕ್ತಿ ಕಾಲು ವಾಟ್. ಲೆಕ್ಕದಲ್ಲಿ ಇಲ್ಲಿನ ತೀವ್ರತೆ ದೊಡ್ಡದಕ್ಕಿಂತ ಹೆಚ್ಚೇ ಇದೆ, ಆದ್ದರಿಂದಲೇ ಸೂಜಿಮೊನೆಯಂಥ ತೂತು ಬಿದ್ದದ್ದು. ಆದರೆ ಚುಕ್ಕೆ ಚಿಕ್ಕದಾದಷ್ಟೂ ಅದರ ವಿಸ್ತೀರ್ಣಕ್ಕೆ ಹೋಲಿಸಿದರೆ ಸುತ್ತಳತೆ ದೊಡ್ಡದಾಗುತ್ತದೆ, ಆ ಸುತ್ತಳತೆಯ ಮೂಲಕವೇ ಶಾಖ ಅಕ್ಕಪಕ್ಕದ ತಣ್ಣನೆಯ ಕಾಗದಕ್ಕೆ ಸೋರಿಹೋಗುತ್ತದೆ. ಕಾಲು ವಾಟ್ ಆದಾಯದವನಿಗೆ ಆ ಖರ್ಚು ತಾಳುವುದಿಲ್ಲ. ಇದರ ಮೇಲೆ ಕಾಗದ ಮಸೂರಕ್ಕೆ ಎರಡೂವರೆ ಸೆಂಟಿಮೀಟರ್ ಹತ್ತಿರ ಇರಬೇಕಾಗಿರುವುದರಿಂದ ಹೊಗೆ ನೇರವಾಗಿ ಗಾಜಿಗೆ ಮೆತ್ತುತ್ತದೆ. ಕೈ ಕೂದಲೆಳೆಯಷ್ಟು ಅಲುಗಿದರೂ ಚುಕ್ಕೆ ಬೇರೆ ಜಾಗಕ್ಕೆ ಹಾರುತ್ತದೆ.

ಒಟ್ಟಿನಲ್ಲಿ ಚುಕ್ಕೆ ಎಷ್ಟು ತೀವ್ರ ಎಂಬುದನ್ನು ಮಸೂರದ ವ್ಯಾಸಕ್ಕೂ ಸಂಗಮ ದೂರಕ್ಕೂ ಇರುವ ಅನುಪಾತ ನಿರ್ಧರಿಸುತ್ತದೆ. ಎಷ್ಟು ಶಾಖ ಸಿಗುತ್ತದೆ ಎಂಬುದನ್ನು ಗಾಜಿನ ವಿಸ್ತೀರ್ಣ ನಿರ್ಧರಿಸುತ್ತದೆ. ಎರಡೂ ಕೂಡಿಬಂದರೆ ಬೆಂಕಿ. ಹಿಡಿಯ ಮೇಲೆ ಬರೆದಿರುವ ‘ಇಷ್ಟು ಪಟ್ಟು’ ಎಂಬ ಅಂಕಿ ಓದುವವರಿಗಾಗಿ ಇರುವಂಥದ್ದು.

ಪ್ರಶ್ನೆ: ಅಚ್ಚಾದ ಕಾಗದದ ಮೇಲೆ ಚುಕ್ಕೆ ಹಿಡಿದರೆ ಅಕ್ಷರಗಳು ಮೊದಲು ಸುಡುತ್ತವೆ, ಬಿಳಿಯ ಭಾಗ ಹಾಗೆಯೇ ಉಳಿಯುತ್ತದೆ. ಇನ್ನು, ಎಷ್ಟು ಹೊತ್ತು ಹಿಡಿದರೂ ಹೊಗೆಯಾಡುತ್ತದೆಯೇ ಹೊರತು ಜ್ವಾಲೆ ಏಳುವುದಿಲ್ಲ. ನನ್ನ ಮಸೂರ ದುರ್ಬಲವೇ?

ಉತ್ತರ: ಮಸೂರ ದುರ್ಬಲವಲ್ಲ, ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನ ದೊಡ್ಡ ಪಾಲನ್ನು ಹಿಂದಕ್ಕೆ ಅಟ್ಟುತ್ತದೆ, ಕಪ್ಪು ಮಸಿ ನುಂಗುತ್ತದೆ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಗೀಚಿ ಅದರ ಮೇಲೆ ಚುಕ್ಕೆ ನಿಲ್ಲಿಸಿ ನೋಡಿ. ಗೀಟು ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ, ಕಂದು ಬಣ್ಣ ಇನ್ನಷ್ಟು ಬೆಳಕನ್ನು ಹೀರುತ್ತದೆ, ಹೀರಿದಷ್ಟೂ ಕರಿಕಾಗುತ್ತದೆ. ಒಮ್ಮೆ ಈ ಸರಪಳಿ ಶುರುವಾಯಿತೆಂದರೆ ಮುಂದೆ ಕಾಗದವೇ ಮಸೂರಕ್ಕೆ ನೆರವಾಗುತ್ತದೆ. ಬಿಳಿಯ ಭಾಗದಲ್ಲಿ ತಡವಾಗುವುದು ಆ ಮೊದಲ ಕಂದು ಕಲೆ ಮೂಡುವುದಕ್ಕೆ ಮಾತ್ರ.

ಜ್ವಾಲೆಯ ವಿಷಯ ಬೇರೆ. ಕಾಗದ ಸರಿಸುಮಾರು 230 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊತ್ತಿಕೊಳ್ಳುತ್ತದೆ ಎನ್ನುತ್ತಾರೆ. ಕಾಗದದ ದಪ್ಪ, ತೇವ, ಬಗೆಗಳನ್ನು ಅನುಸರಿಸಿ ಇದು ಹೆಚ್ಚುಕಡಿಮೆಯಾಗುತ್ತದೆ. ಆದರೆ ಜ್ವಾಲೆಯಾಗಿ ಉರಿಯುವುದು ಕಾಗದವಲ್ಲ, ಕಾದ ಕಾಗದದಿಂದ ಹೊರಬರುವ ಅನಿಲಗಳು. ಅವು ಸಾಕಷ್ಟು ಪ್ರಮಾಣದಲ್ಲಿ ಸೇರಿ, ಗಾಳಿಯ ಜೊತೆ ಬೆರೆತು, ಚೆನ್ನಾಗಿ ಕಾಯಬೇಕು. ಎರಡು ಮಿಲಿಮೀಟರಿನ ಚುಕ್ಕೆಯಿಂದ ಹೊರಡುವ ಅನಿಲ ತುಂಬ ಕಡಿಮೆ. ಅದು ಹೊಗೆಯಾಗಿ ಮೇಲೆದ್ದು ತಣ್ಣಗಾಗಿಬಿಡುತ್ತದೆ. ಅತ್ತ ಕಾಗದದಲ್ಲಿ ಉಳಿದ ಇದ್ದಿಲು ಜ್ವಾಲೆಯಿಲ್ಲದೆ ಕೆಂಡವಾಗಿ ಹರಿದಾಡುತ್ತದೆ. ಕರಿಕಾದ ತೂತಿನ ಅಂಚಿನಲ್ಲಿ ಕೆಂಪು ಗೆರೆಯೊಂದು ಹುಳುವಿನಂತೆ ತೆವಳುವುದನ್ನು ನೀವು ಕಂಡಿರುತ್ತೀರಿ.

ಆದ್ದರಿಂದ ಬಲ್ಲವರು ಮಸೂರದಿಂದ ನೇರವಾಗಿ ಜ್ವಾಲೆಯನ್ನು ಬಯಸುವುದಿಲ್ಲ, ಕೆಂಡವನ್ನು ಬಯಸುತ್ತಾರೆ. ಮೊದಲೇ ಸುಟ್ಟು ಕರಿಕಾಗಿಸಿದ ಹತ್ತಿಯ ಬಟ್ಟೆಯ ಚೂರಿನ ಮೇಲೆ ಚುಕ್ಕೆ ಬಿದ್ದರೆ ನೋಡನೋಡುತ್ತಲೇ ಕೆಂಡ ಹಿಡಿಯುತ್ತದೆ. ಆ ಚೂರನ್ನು ಒಣಹುಲ್ಲು ಅಥವಾ ಬಿಡಿಸಿದ ಒಣ ನಾರಿನ ಗೂಡಿನಂಥ ಮುದ್ದೆಯಲ್ಲಿಟ್ಟು ಮೆಲ್ಲಗೆ ಊದಿದರೆ ಹೊಗೆ ದಟ್ಟವಾಗುತ್ತ ಹೋಗಿ ಒಮ್ಮೆಗೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಊದುವಾಗ ಮಸೂರದ ಕೆಲಸ ಮುಗಿದಿರುತ್ತದೆ. ಅದನ್ನು ಬದಿಗಿಟ್ಟು ಎರಡೂ ಕೈಗಳನ್ನು ಗೂಡಿಗೆ ಕೊಡಬೇಕು.

ಚುಕ್ಕೆಯನ್ನು ಸರಿಹೊಂದಿಸುವಾಗ ಅದರ ಅಂಚಿನ ಬಣ್ಣವನ್ನು ನೋಡಿ. ಮಸೂರ ಕಾಗದಕ್ಕೆ ಬೇಕಾದುದಕ್ಕಿಂತ ಹತ್ತಿರವಿದ್ದರೆ ಅಂಚು ಕೆಂಪಗೆ, ದೂರವಿದ್ದರೆ ನೀಲಿಯಾಗಿ ಕಾಣುತ್ತದೆ; ಏಕೆಂದರೆ ಗಾಜು ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಎರಡರ ನಡುವೆ, ಬಣ್ಣ ಮಾಯವಾಗುವಲ್ಲಿ ನಿಲ್ಲಿಸಬೇಕು. ಚುಕ್ಕೆ ದುಂಡಗಿರದೆ ಧೂಮಕೇತುವಿನಂತೆ ಬಾಲ ಬಿಟ್ಟಿದ್ದರೆ ಮಸೂರ ಸೂರ್ಯನಿಗೆ ನೇರವಾಗಿಲ್ಲ ಎಂದರ್ಥ.

ಪ್ರಶ್ನೆ: ಕನ್ನಡಕದಿಂದ ಬೆಂಕಿ ಹೊತ್ತಿಸಬಹುದೇ? ನನ್ನದರಿಂದ ಆಗಲಿಲ್ಲ.

ಉತ್ತರ: ನಿಮ್ಮದು ದೂರದ್ದು ಕಾಣಿಸದವರ ಕನ್ನಡಕವಾಗಿದ್ದರೆ ಜನ್ಮದಲ್ಲಿ ಆಗುವುದಿಲ್ಲ. ಅದರ ಮಸೂರ ನಿಮ್ನ, ಅಂದರೆ ನಡುವೆ ತೆಳುವಾದದ್ದು. ಬೆಳಕನ್ನು ಕೂಡಿಸುವ ಬದಲು ಹರಡುತ್ತದೆ. ಹೆಸರಾಂತ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಸಮೀಪದೃಷ್ಟಿಯ ಹುಡುಗನ ಕನ್ನಡಕದಿಂದಲೇ ದ್ವೀಪದಲ್ಲಿ ಬೆಂಕಿ ಹೊತ್ತಿಸುತ್ತಾರೆ. ಭೌತಶಾಸ್ತ್ರದ ಮೇಷ್ಟರುಗಳು ಇಂದಿಗೂ ಅದನ್ನು ಹಿಡಿದು ಆಡಿಕೊಳ್ಳುತ್ತಾರೆ.

ಓದುವ ಕನ್ನಡಕವಾದರೆ ಮಾತು ಬೇರೆ, ಆದರೂ ಸುಲಭವಲ್ಲ. ಪ್ಲಸ್ ಎರಡು ಪವರಿನ ಗಾಜಿನ ಸಂಗಮ ದೂರ 50 ಸೆಂಟಿಮೀಟರ್. ಸೂರ್ಯನ ಪ್ರತಿಬಿಂಬ ಹೆಚ್ಚುಕಡಿಮೆ ಐದು ಮಿಲಿಮೀಟರ್ ಅಗಲ. ನಾಲ್ಕೂವರೆ ಸೆಂಟಿಮೀಟರ್ ಅಗಲದ ಗಾಜಿಗೆ ತೀವ್ರತೆ ನೂರು ಪಟ್ಟನ್ನೂ ಮುಟ್ಟುವುದಿಲ್ಲ. ಅಂಥ ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟರೆ ಪವರ್ ನಾಲ್ಕಾಗಿ, ಸಂಗಮ ದೂರ ಅರ್ಧಕ್ಕಿಳಿದು, ತೀವ್ರತೆ ನಾಲ್ಕು ಪಟ್ಟಾಗುತ್ತದೆ. ಕರಿಕಾದ ಬಟ್ಟೆಯ ಮೇಲೆ ಆಗ ಪ್ರಯತ್ನಿಸಬಹುದು.

ಪ್ರಶ್ನೆ: ಮಸೂರವನ್ನು ದೊಡ್ಡದು ಮಾಡುತ್ತ ಹೋದರೆ ಸೂರ್ಯನಿಗಿಂತ ಹೆಚ್ಚು ಬಿಸಿ ಮಾಡಬಹುದೇ? ಹುಣ್ಣಿಮೆಯ ಬೆಳದಿಂಗಳನ್ನು ಬೃಹತ್ ಮಸೂರದಿಂದ ಕೂಡಿಸಿದರೆ ಕಾಗದ ಹೊತ್ತಿಕೊಳ್ಳುತ್ತದೆಯೇ? (ನಿವೃತ್ತ ಶಿಕ್ಷಕರು)

ಉತ್ತರ: ಎರಡಕ್ಕೂ ಉತ್ತರ ‘ಇಲ್ಲ’. ಎರಡಕ್ಕೂ ಕಾರಣ ಒಂದೇ.

ಚುಕ್ಕೆಯ ಜಾಗದಲ್ಲಿ ಒಂದು ಇರುವೆ ಕುಳಿತು ಮೇಲೆ ನೋಡುತ್ತಿದೆ ಎಂದು ಕಲ್ಪಿಸಿಕೊಳ್ಳಿ (ಕಲ್ಪನೆಯಲ್ಲಿ ಮಾತ್ರ, ನಿಜವಾದ ಇರುವೆಗಳನ್ನು ಸುಡುವ ಹುಡುಗರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ). ಬರಿಗಣ್ಣಿಗೆ ಅರ್ಧ ಡಿಗ್ರಿ ಅಗಲವಿರುವ ಸೂರ್ಯ ಅದಕ್ಕೆ ಮಸೂರದಷ್ಟೇ ಅಗಲವಾಗಿ ಕಾಣುತ್ತಾನೆ. ಸೂರ್ಯನ ಮೇಲ್ಮೈ ಇದ್ದುದಕ್ಕಿಂತ ಹೆಚ್ಚು ಪ್ರಖರವಾಗುವುದಿಲ್ಲ; ಆಕಾಶದಲ್ಲಿ ಅವನು ಆವರಿಸುವ ಜಾಗ ಮಾತ್ರ ಹಿಗ್ಗುತ್ತದೆ. ಮಸೂರಗಳಿಂದಲೋ ಕನ್ನಡಿಗಳಿಂದಲೋ ಅವನನ್ನು ಹಿಗ್ಗಿಸುತ್ತ ಹೋದರೆ ಕೊನೆಗೆ ಆಕಾಶವೆಲ್ಲ ಸೂರ್ಯನೇ ಆಗಬಹುದು, ಅದಕ್ಕಿಂತ ಮುಂದೆ ಹೋಗಲು ಆಕಾಶವೇ ಇಲ್ಲ. ಲೆಕ್ಕದಲ್ಲಿ ಈ ಮಿತಿ ಸಾಮಾನ್ಯ ಬಿಸಿಲಿನ ಸುಮಾರು 46,000 ಪಟ್ಟು. ಆ ಮಿತಿಯಲ್ಲಿ ಇರುವೆ ಸೂರ್ಯನ ಮೇಲ್ಮೈಯಲ್ಲೇ ಕುಳಿತಂತೆ, ಅಂದರೆ ಸುಮಾರು 5500 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಬಹುದಾಗಿದ್ದರೆ ತಣ್ಣನೆಯ ವಸ್ತುವಿನಿಂದ ಬಿಸಿಯ ವಸ್ತುವಿಗೆ ಶಾಖ ತಾನಾಗಿ ಹರಿಯಿತು ಎಂದಾಗುತ್ತದೆ. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಅದಕ್ಕೆ ಒಪ್ಪುವುದಿಲ್ಲ. ಫ್ರಾನ್ಸಿನ ಪಿರೆನೀಸ್ ಪರ್ವತ ಪ್ರದೇಶದ ಒಡೆಯೋ ಎಂಬಲ್ಲಿ ಗುಡ್ಡದ ಮೆಟ್ಟಿಲುಗಳ ಮೇಲೆ 63 ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ, ಅವುಗಳ ಬೆಳಕನ್ನು ಕಟ್ಟಡದಷ್ಟೆತ್ತರದ ನಿಮ್ನ ದರ್ಪಣಕ್ಕೆ ಬೀಳಿಸುವ ಸೌರ ಕುಲುಮೆ ಇದೆ. ಒಂದು ಮೆಗಾವಾಟ್ ಸಾಮರ್ಥ್ಯದ ಅದು 3000 ಡಿಗ್ರಿಯನ್ನು ದಾಟುತ್ತದೆ. ಉಕ್ಕು ಅಲ್ಲಿ ನೀರಾಗುತ್ತದೆ, ಆದರೂ ಸೂರ್ಯನ ಮೇಲ್ಮೈಗೆ ಅದು ಬಹು ಕೆಳಗೇ.

ಬೆಳದಿಂಗಳಿಗೆ ಇದೇ ಲೆಕ್ಕ ಹಾಕಿ. ಹುಣ್ಣಿಮೆಯ ಚಂದ್ರನ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು. ಚಂದ್ರನೂ ನಮ್ಮ ಕಣ್ಣಿಗೆ ಸೂರ್ಯನಷ್ಟೇ ಅಗಲವಾದ್ದರಿಂದ ಅವನಿಗೂ ಮಿತಿ 46,000 ಪಟ್ಟೇ. ಊಹಿಸಬಹುದಾದ ಅತ್ಯುತ್ತಮ ಮಸೂರ ಹಿಡಿದರೂ ಆ ಬೆಳಕು ಸಾಮಾನ್ಯ ಹಗಲಿನ ಬಿಸಿಲಿನ ಒಂಬತ್ತರಲ್ಲಿ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಬಿಸಿಲಿನಲ್ಲಿ ಬಿದ್ದ ಕಾಗದ ಹೊತ್ತಿಕೊಳ್ಳದಿರುವಾಗ ಇದರಿಂದ ಹೇಗೆ ಹೊತ್ತಿಕೊಳ್ಳಬೇಕು? ಬೆಳದಿಂಗಳಲ್ಲಿ ಶಾಖವಿದೆ ಎಂಬುದನ್ನು ಪತ್ತೆಹಚ್ಚುವುದೇ ಬಹುಕಾಲ ಸಾಧ್ಯವಾಗಿರಲಿಲ್ಲ. ಇಟಲಿಯ ಮೆಲ್ಲೋನಿ 1846ರಲ್ಲಿ ಒಂದು ಮೀಟರ್ ಅಗಲದ ಮಸೂರವನ್ನೂ ಸೂಕ್ಷ್ಮ ಉಷ್ಣಮಾಪಕವನ್ನೂ ಹೂಡಿ ಅದನ್ನು ಮೊದಲು ಅಳೆದನು.

ಪ್ರಶ್ನೆ: ಆರ್ಕಿಮಿಡೀಸ್ ಕನ್ನಡಿಗಳಿಂದ ಶತ್ರುಗಳ ಹಡಗುಗಳನ್ನು ಸುಟ್ಟನೆಂಬುದು ನಿಜವೇ? ಮಸೂರದಿಂದ ಬೆಂಕಿ ಮಾಡುವುದು ಎಷ್ಟು ಹಳೆಯದು?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕ್ರಿ.ಪೂ. 423ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫನೀಸನ ‘ಮೋಡಗಳು’ ಎಂಬ ಪ್ರಹಸನದಲ್ಲಿ ಸಾಲದಲ್ಲಿ ಮುಳುಗಿದ ಮುದುಕನೊಬ್ಬ ಒಂದು ಉಪಾಯ ಹೂಡುತ್ತಾನೆ. ಬೆಂಕಿ ಹೊತ್ತಿಸುವ ಪಾರದರ್ಶಕ ಕಲ್ಲನ್ನು ಹಿಡಿದು ದೂರದಲ್ಲಿ ನಿಂತು, ತನ್ನ ಮೇಲಿನ ದಾವೆಯನ್ನು ಗುಮಾಸ್ತ ಮೇಣದ ಹಲಗೆಯ ಮೇಲೆ ಬರೆಯುತ್ತಿರುವಾಗಲೇ ಕರಗಿಸಿಬಿಡುವುದು! ಪ್ರೇಕ್ಷಕರು ನಕ್ಕಿರಬೇಕಾದರೆ ಅಂಥ ಕಲ್ಲು ಅವರಿಗೆ ಪರಿಚಿತವಾಗಿಯೇ ಇದ್ದಿರಬೇಕು. ಮೊದಲನೆಯ ಶತಮಾನದ ರೋಮಿನ ಪ್ಲಿನಿ, ನೀರು ತುಂಬಿದ ಗಾಜಿನ ಗೋಳಗಳು ಬಿಸಿಲಿಗೆ ಎದುರಾದರೆ ಬಟ್ಟೆ ಸುಡುವಷ್ಟು ಕಾಯುತ್ತವೆಂದು ಬರೆದಿದ್ದಾನೆ. ಬಾಗ್ದಾದಿನ ಇಬ್ನ್ ಸಹಲ್ 984ರ ಸುಮಾರಿಗೆ ಬೆಂಕಿ ಹೊತ್ತಿಸುವ ಕನ್ನಡಿ ಮತ್ತು ಮಸೂರಗಳ ಮೇಲೆಯೇ ಗ್ರಂಥ ಬರೆದು, ಬೆಳಕು ಬಾಗುವ ನಿಯಮವನ್ನು ಅದರಲ್ಲಿ ಬಳಸಿದ್ದಾನೆ.

ನಮ್ಮ ಕಾವ್ಯಗಳ ಸೂರ್ಯಕಾಂತಶಿಲೆ ನಿಮಗೆ ನೆನಪಿರಬಹುದು. ಶಾಕುಂತಲ ನಾಟಕದ ಎರಡನೆಯ ಅಂಕದಲ್ಲಿ ಕಾಳಿದಾಸ ತಪಸ್ವಿಗಳನ್ನು ಅದಕ್ಕೆ ಹೋಲಿಸುತ್ತಾನೆ: ಮುಟ್ಟಿದರೆ ತಂಪು, ಆದರೆ ಇನ್ನೊಂದು ತೇಜಸ್ಸು ಮೇಲೆರಗಿದಾಗ ಒಳಗಿನ ಬೆಂಕಿಯನ್ನು ಕಾರುತ್ತದೆ. ಕಲ್ಲಿನೊಳಗೆ ಬೆಂಕಿ ಅಡಗಿಲ್ಲ ಎಂಬುದನ್ನು ಬಿಟ್ಟರೆ ಇಲ್ಲಿನ ವಿವರ ಎಷ್ಟು ಖಚಿತ! ಕಾಗದ ಧಗಧಗಿಸುತ್ತಿರುವಾಗ ಭೂತಗನ್ನಡಿಯ ಗಾಜನ್ನು ಮುಟ್ಟಿ ನೋಡಿ, ತಣ್ಣಗೇ ಇರುತ್ತದೆ. ಬೆಳಕನ್ನು ಹಾದುಹೋಗಲು ಬಿಡುವ ವಸ್ತು ತಾನು ಕಾಯುವುದಿಲ್ಲ.

ಆರ್ಕಿಮಿಡೀಸನ ಕತೆಗೆ ಆಧಾರ ಗಟ್ಟಿಯಿಲ್ಲ. ಅವನ ಊರಾದ ಸಿರಾಕ್ಯೂಸಿನ ಮೇಲೆ ರೋಮನ್ನರು ಹಾಕಿ, ಕ್ರಿ.ಪೂ. 212ರಲ್ಲಿ ಕೊನೆಗೊಂಡ ಮುತ್ತಿಗೆಯನ್ನು ಅದಕ್ಕೆ ಹತ್ತಿರದ ಕಾಲದ ಪೊಲಿಬಿಯಸ್ ವಿವರವಾಗಿ ಬರೆದಿದ್ದರೂ ಕನ್ನಡಿಗಳ ಸುದ್ದಿಯೇ ಇಲ್ಲ. ಅದು ಶತಮಾನಗಳ ಬಳಿಕದ ಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ 107ರ ಸೂತ್ರವನ್ನು ಇಲ್ಲಿ ಹಚ್ಚಿ ನೋಡಿ. 50 ಮೀಟರ್ ದೂರದ ಹಡಗಿನ ಮೇಲೆ ಸೂರ್ಯನ ಪ್ರತಿಬಿಂಬ ಸುಮಾರು 47 ಸೆಂಟಿಮೀಟರ್ ಅಗಲವಾಗಿ ಬೀಳುತ್ತದೆ. ಎಷ್ಟು ನಯವಾದ ಕನ್ನಡಿಯಾದರೂ ಇದಕ್ಕಿಂತ ಕಿರಿದು ಮಾಡಲಾಗದು. ಅಲ್ಲಿ ನೂರು ಪಟ್ಟು ಬಿಸಿಲು ಬೇಕೆಂದರೆ 17 ಚದರ ಮೀಟರಿಗೂ ಹೆಚ್ಚು ಕನ್ನಡಿ ಬೇಕು, ಅದೂ ಎಲ್ಲವೂ ಒಂದೇ ಜಾಗಕ್ಕೆ ಗುರಿಯಿಟ್ಟು. ಅಸಾಧ್ಯವೇನಲ್ಲ. 1747ರಲ್ಲಿ ಪ್ಯಾರಿಸಿನಲ್ಲಿ ಬಫೊನ್ ನೂರಕ್ಕೂ ಹೆಚ್ಚು ಚಪ್ಪಟೆ ಕನ್ನಡಿಗಳನ್ನು ಒಂದು ಚೌಕಟ್ಟಿಗೆ ಜೋಡಿಸಿ ದೂರದ ಮರದ ಹಲಗೆಗೆ ಬೆಂಕಿ ಹೊತ್ತಿಸಿದ. 2005ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಒಂದಡಿ ಚೌಕದ 127 ಕನ್ನಡಿಗಳಿಂದ ಸುಮಾರು 30 ಮೀಟರ್ ದೂರದ ಮರದ ಹಡಗಿನ ಮಾದರಿಯನ್ನು ಹೊತ್ತಿಸಿದರು. ಆದರೆ ಆಕಾಶ ತಿಳಿಯಾಗುವವರೆಗೆ ಕಾಯಬೇಕಾಯಿತು, ಹಡಗು ಕದಲದೆ ನಿಂತಿತ್ತು. ಶತ್ರುವಿನ ಹಡಗು ಹಾಗೆ ನಿಂತುಕೊಂಡು ಸಹಕರಿಸುತ್ತದೆಯೇ? ನನ್ನ ಮಟ್ಟಿಗೆ ಇದು ಒಳ್ಳೆಯ ಕತೆ, ಕೆಟ್ಟ ಆಯುಧ.

ಉರಿಮಸೂರದ ದೊಡ್ಡ ಸಾಧನೆ ಯುದ್ಧದಲ್ಲಲ್ಲ, ಪ್ರಯೋಗಶಾಲೆಯಲ್ಲಿ. ಮುಚ್ಚಿದ ಗಾಜಿನ ಪಾತ್ರೆಯೊಳಗಿನ ವಸ್ತುವನ್ನು, ಒಳಗೆ ಜ್ವಾಲೆಯನ್ನೋ ಹೊಗೆಯನ್ನೋ ತಾರದೆ, ಹೊರಗಿನಿಂದಲೇ ಕಾಯಿಸುವ ಉಪಾಯ ಆ ಕಾಲದಲ್ಲಿ ಅದೊಂದೇ ಆಗಿತ್ತು ಎಂದರೂ ಸಲ್ಲುತ್ತದೆ. 1774ರ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್ಲಿ 12 ಅಂಗುಲ ವ್ಯಾಸದ ಮಸೂರದಿಂದ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ, ಹೊರಬಂದ ಅನಿಲದಲ್ಲಿ ಮೇಣದಬತ್ತಿ ಪ್ರಜ್ವಲಿಸಿ ಉರಿಯುವುದನ್ನು ಕಂಡನು. ನಾವು ಇಂದು ಆಕ್ಸಿಜನ್ ಎನ್ನುವುದು ಅದನ್ನೇ. 1814ರಲ್ಲಿ ಹಂಫ್ರಿ ಡೇವಿ ಮತ್ತು ಅವನ ಸಹಾಯಕನಾಗಿದ್ದ ತರುಣ ಫ್ಯಾರಡೆ ಫ್ಲಾರೆನ್ಸಿನ ದೊಡ್ಡ ಉರಿಮಸೂರವೊಂದರಿಂದ ಆಕ್ಸಿಜನ್ನಿನಲ್ಲಿ ವಜ್ರವನ್ನೇ ಸುಟ್ಟು, ಉಳಿದದ್ದು ಇಂಗಾಲದ ಡೈಆಕ್ಸೈಡ್ ಮಾತ್ರ ಎಂದು ತೋರಿಸಿದರು. ವಜ್ರವೂ ಇದ್ದಿಲೂ ಒಂದೇ ಧಾತು ಎಂಬುದಕ್ಕೆ ಅದು ಬಲವಾದ ಸಾಕ್ಷ್ಯವಾಯಿತು.

ಪ್ರಶ್ನೆ: ಕಿಟಕಿಯ ಬಳಿಯ ಮೇಜಿನ ಮೇಲೆ ನೀರು ತುಂಬಿದ ದುಂಡು ಗಾಜಿನ ಪಾತ್ರೆ ಇಟ್ಟಿದ್ದೆವು. ಕೆಲವು ದಿನಗಳ ನಂತರ ಮೇಜಿನ ಮರದ ಮೇಲೆ ಬಿಲ್ಲಿನಾಕಾರದ ಸುಟ್ಟ ಗೆರೆ ಕಂಡಿತು. ಇದು ಬಿಸಿಲಿನಿಂದಲೇ ಆಗಿರಬಹುದೇ? (ಗೃಹಿಣಿ)

ಉತ್ತರ: ಖಂಡಿತ, ಮತ್ತು ಗೆರೆಯ ಆಕಾರವೇ ಅದಕ್ಕೆ ಸಾಕ್ಷಿ. ನೀರು ತುಂಬಿದ ಗೋಳ ಬಲವಾದ ಪೀನ ಮಸೂರ. ಅದರ ಸಂಗಮ ಗೋಳದ ಹಿಂಬದಿಯಿಂದ ಹೆಚ್ಚುಕಡಿಮೆ ಒಂದು ತ್ರಿಜ್ಯದಷ್ಟು ಆಚೆಗೆ ಬೀಳುತ್ತದೆ. ಸೂರ್ಯ ಆಕಾಶದಲ್ಲಿ ಸರಿದಂತೆ ಚುಕ್ಕೆ ಎದುರು ದಿಕ್ಕಿಗೆ ತೆವಳುತ್ತದೆ. ಗೋಳಕ್ಕೆ ಮುಖ, ಬೆನ್ನು ಎಂಬುದಿಲ್ಲ. ಸೂರ್ಯ ಎಲ್ಲಿದ್ದರೂ ಯಾರೂ ತಿರುಗಿಸದೆ ಅದು ಗುರಿ ಹಿಡಿದೇ ಇರುತ್ತದೆ. ಭೂತಗನ್ನಡಿಗಿಂತ ಅದು ಅಪಾಯಕಾರಿಯಾಗುವುದು ಇದರಿಂದಲೇ.

ಹವಾಮಾನ ತಜ್ಞರು ಈ ಗುಣವನ್ನೇ ಉಪಕರಣವಾಗಿಸಿಕೊಂಡರು. ಜಾನ್ ಫ್ರಾನ್ಸಿಸ್ ಕ್ಯಾಂಪ್ಬೆಲ್ 1853ರಲ್ಲಿ ಮರದ ಬೋಗುಣಿಯಲ್ಲಿ ಗಾಜಿನ ಗೋಳವನ್ನಿಟ್ಟು, ಬೋಗುಣಿಯ ಮೈ ಸುಟ್ಟದ್ದನ್ನು ನೋಡಿ ಬಿಸಿಲಿನ ಲೆಕ್ಕ ಇಟ್ಟನು. 1879ರಲ್ಲಿ ಸ್ಟೋಕ್ಸ್ ಅದನ್ನು ಸುಧಾರಿಸಿ ಲೋಹದ ಬಟ್ಟಲು ಮತ್ತು ಕಾರ್ಡಿನ ಪಟ್ಟಿಯನ್ನು ಅಳವಡಿಸಿದನು. ಸುಮಾರು ಹತ್ತು ಸೆಂಟಿಮೀಟರಿನ ಗಾಜಿನ ಚೆಂಡಿನ ಹಿಂದೆ ಗಂಟೆಗಳ ಗೀಟು ಹಾಕಿದ ಪಟ್ಟಿ ಬಾಗಿ ಕುಳಿತಿರುತ್ತದೆ. ಸಂಜೆ ಅದನ್ನು ಹೊರತೆಗೆದರೆ ಬಿಸಿಲಿದ್ದಷ್ಟು ಹೊತ್ತು ಕಂದುಗಪ್ಪು ಗೆರೆ, ಮೋಡ ಮುಚ್ಚಿದ್ದಷ್ಟು ಹೊತ್ತು ಖಾಲಿ; ಬೆಳಗಿನ ಮತ್ತು ಸಂಜೆಯ ತುದಿಗಳಲ್ಲಿ ಗೆರೆ ತೆಳುವಾಗಿ ಬರೀ ಬಣ್ಣಗೆಟ್ಟಂತಿರುತ್ತದೆ. ಆಗ ಕಿರಣಗಳು ಗಾಳಿಯ ದಪ್ಪ ಪದರವನ್ನು ಓರೆಯಾಗಿ ದಾಟಿ ಬರಬೇಕು. ನಿಮ್ಮ ಮೇಜಿನ ಮೇಲೆ ಮೂಡಿರುವುದು ಇಂಥದೇ ಒಂದು ದಾಖಲೆ.

ಹೀಗಾಗಿ ದುಂಡು ಪಾತ್ರೆ, ಗಾಜಿನ ಚೆಂಡು, ಮುಖ ದೊಡ್ಡದಾಗಿ ತೋರಿಸುವ ನಿಮ್ನ ಕನ್ನಡಿ, ಇವುಗಳನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ. ‘ನಡುಹಗಲಿನಲ್ಲಿ ಅಲ್ಲಿ ಬಿಸಿಲು ಬರುವುದಿಲ್ಲ’ ಎಂದು ನಿಶ್ಚಿಂತರಾಗಬೇಡಿ. ಸೂರ್ಯ ಕೆಳಗಿದ್ದಾಗಲೇ ಬಿಸಿಲು ಕೋಣೆಯ ಒಳಕ್ಕೆ ತೂರುವುದು. ಕಿಟಕಿಯ ಗಾಜು ಮುಚ್ಚಿದ್ದರೂ ತಡೆಯಿಲ್ಲ, ಬೆಳಕಿನ ಸ್ವಲ್ಪ ಭಾಗವಷ್ಟೇ ಅದರಿಂದ ಕಡಿಮೆಯಾಗುತ್ತದೆ. 2013ರಲ್ಲಿ ಲಂಡನ್ನಿನಲ್ಲಿ ಕಟ್ಟುತ್ತಿದ್ದ ಗಗನಚುಂಬಿಯೊಂದರ ಒಳಬಾಗಿದ ಗಾಜಿನ ಗೋಡೆಯೇ ನಿಮ್ನ ದರ್ಪಣವಾಗಿ, ಕೆಳಗೆ ನಿಲ್ಲಿಸಿದ್ದ ಕಾರಿನ ಭಾಗಗಳು ಕರಗಿದ್ದವು.

ಇದೇ ಪತ್ರದಲ್ಲಿ, ಮಧ್ಯಾಹ್ನ ಗಿಡಕ್ಕೆ ನೀರು ಹಾಕಿದರೆ ಹನಿಗಳು ಮಸೂರವಾಗಿ ಎಲೆ ಸುಡುತ್ತವೆಯೇ ಎಂದೂ ಕೇಳಿದ್ದೀರಿ. ನಯವಾದ ಎಲೆಗೆ ಭಯವಿಲ್ಲ. ಎಲೆಗೆ ಅಂಟಿಕೊಂಡ ಹನಿಯ ಸಂಗಮ ಎಲೆಯಿಂದ ಕೆಳಗೆ ಬೀಳುತ್ತದೆ, ಜೊತೆಗೆ ನೀರೇ ಎಲೆಯನ್ನು ತಂಪಾಗಿಡುತ್ತದೆ. ಹಂಗೇರಿಯ ವಿಜ್ಞಾನಿಗಳು ಪರೀಕ್ಷಿಸಿದಾಗ ಎಲೆಗಳ ಮೇಲಿಟ್ಟ ಗಾಜಿನ ಗೋಲಿಗಳು ಸುಟ್ಟವು, ನೀರಿನ ಹನಿಗಳು ಸುಡಲಿಲ್ಲ. ಆದರೆ ಮೈತುಂಬ ರೋಮಗಳಿರುವ ಜಲಸಸ್ಯದ ಎಲೆಯಲ್ಲಿ, ಹನಿಯನ್ನು ರೋಮಗಳು ಮೇಲೆತ್ತಿ ಹಿಡಿದದ್ದರಿಂದ ಸಂಗಮ ಎಲೆಯ ಮೇಲೆಯೇ ಬಿದ್ದು ಸುಟ್ಟ ಕಲೆಗಳಾದವು.

ಪ್ರಶ್ನೆ: ಮಗ ದಿನವಿಡೀ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕೂರುತ್ತಾನೆ. ಬಿಡಿಸಬೇಕೇ?

ಉತ್ತರ: ಬಿಡಿಸಬೇಡಿ, ಜೊತೆಗೆ ಕುಳಿತುಕೊಳ್ಳಿ. ಅವನು ಮಸೂರದ ಮೂಲಕ ಸೂರ್ಯನನ್ನು ಎಂದೂ ನೋಡಬಾರದು ಎಂಬುದು ಮೊದಲ ಮತ್ತು ಚರ್ಚೆಯಿಲ್ಲದ ನಿಯಮ. ಕಣ್ಣೂ ಒಂದು ಮಸೂರ. ಅದರ ಸಂಗಮ ದೂರ ಸುಮಾರು 17 ಮಿಲಿಮೀಟರ್, ಬರಿಗಣ್ಣಿನಿಂದ ದಿಟ್ಟಿಸಿದರೂ ಅಕ್ಷಿಪಟಲದ ಮೇಲೆ ಸೂರ್ಯನ ಪ್ರತಿಬಿಂಬ ಮಿಲಿಮೀಟರಿನ ಆರನೆಯ ಒಂದರಷ್ಟು ಅಗಲವಾಗಿ ಮೂಡುತ್ತದೆ. ಅಲ್ಲಿ ನೋವಿನ ನರಗಳಿಲ್ಲ. ಸುಟ್ಟದ್ದು ಗೊತ್ತಾಗುವುದು ನೋಟ ಮಸುಕಾದ ಮೇಲೆ. ಬಿಳಿ ಕಾಗದದ ಮೇಲಿನ ಚುಕ್ಕೆಯನ್ನೂ ಬಹಳ ಹೊತ್ತು ದಿಟ್ಟಿಸಬಾರದು. ಕಪ್ಪು ಕನ್ನಡಕ ಹಾಕಿಕೊಂಡರೆ ಒಳ್ಳೆಯದು. ಕಾಗದವನ್ನು ಲೋಹದ ತಟ್ಟೆಯಲ್ಲೋ ಕಲ್ಲಿನ ಮೇಲೋ ಇಟ್ಟು ಸುಡಲಿ, ಪಕ್ಕದಲ್ಲಿ ಬಕೆಟ್ ನೀರಿರಲಿ, ಒಣಹುಲ್ಲಿನ ಬಯಲಿನಲ್ಲೂ ಗಾಳಿ ಬೀಸುವ ದಿನವೂ ಬೇಡ. ಆಟ ಮುಗಿದ ಮೇಲೆ ಮಸೂರ ಬಟ್ಟೆಯ ಚೀಲಕ್ಕೆ ಸೇರಬೇಕು, ಕಿಟಕಿಯ ಕಟ್ಟೆಗಲ್ಲ.

ಪ್ರಶ್ನೆ: ಗ್ರಹಣದ ದಿನ ಭೂತಗನ್ನಡಿಯ ಚುಕ್ಕೆ ಹೇಗಿರುತ್ತದೆ?

ಉತ್ತರ: ಚುಕ್ಕೆ ಸೂರ್ಯನ ಪ್ರತಿಬಿಂಬ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ. ಪಾರ್ಶ್ವ ಗ್ರಹಣದ ವೇಳೆ ಅದು ದುಂಡಗಿರದೆ ಕುಡುಗೋಲಿನಂತೆ ಬಾಗಿರುತ್ತದೆ, ಮತ್ತು ಸೂರ್ಯನ ಬಲಗಡೆ ಕಚ್ಚಿದ್ದು ಪ್ರತಿಬಿಂಬ ತಲೆಕೆಳಗಾಗುವುದರಿಂದ ಎದುರು ಬದಿಯಲ್ಲಿ ಕಾಣುತ್ತದೆ. ಎರಡು ಮಿಲಿಮೀಟರಿನ ಉರಿಯುವ ಚುಕ್ಕೆಯಲ್ಲಿ ಇದನ್ನು ಹುಡುಕುವುದು ಕಷ್ಟ, ಕಣ್ಣಿಗೂ ಹಿತವಲ್ಲ. ಪ್ಲಸ್ ಒಂದು ಪವರಿನ ಓದುವ ಕನ್ನಡಕವನ್ನು ತೆಗೆದುಕೊಂಡು, ಒಂದು ಗಾಜಿನ ಮೇಲೆ ಒಂದು ಸೆಂಟಿಮೀಟರ್ ತೂತಿರುವ ರಟ್ಟನ್ನು ಅಂಟಿಸಿ, ಇನ್ನೊಂದನ್ನು ಪೂರ್ತಿ ಮುಚ್ಚಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಒಂದು ಮೀಟರ್ ದೂರದಲ್ಲಿ ನೆರಳಿನಲ್ಲಿರುವ ಬಿಳಿ ರಟ್ಟಿನ ಮೇಲೆ ಬೆಳಕು ಬೀಳುವಂತೆ ಹಿಡಿಯಿರಿ. ಅಲ್ಲಿನ ಪ್ರಖರತೆ ಸಾಮಾನ್ಯ ಬಿಸಿಲಿನಷ್ಟೇ ಇರುತ್ತದೆ, ಬೆಂಕಿಯ ಭಯವಿಲ್ಲ. ಒಂಬತ್ತು ಮಿಲಿಮೀಟರ್ ಅಗಲದ ಸೂರ್ಯ, ಅದರ ಒಂದು ಬದಿಯನ್ನು ಚಂದ್ರ ತಿನ್ನುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ತೆಳು ಮೋಡ ಹಾದರೆ ಅದೂ ಆ ಪುಟ್ಟ ತಟ್ಟೆಯ ಮೇಲೆ ತಲೆಕೆಳಗಾಗಿ ಹಾದುಹೋಗುತ್ತದೆ.